ಪಾದ್ರಿಯೂ ಹೌದು, ವಿಜ್ಞಾನಿಯೂ ಹೌದು

ಮಾನ್ಯ ಸಂಪಾದಕರೆ,

ವಾರವೆಲ್ಲ ಡಾರ್ವಿನ್ನನ ಪಾಠ ಹೇಳಿ ಭಾನುವಾರ ಪೂಜೆಗೆ ಹೋಗಲು ಇರಿಸುಮುರಿಸಾಗುವುದಿಲ್ಲವೆ ಎಂದು ವಿದ್ಯಾರ್ಥಿಗಳು ನನ್ನನ್ನು ಕೇಳುತ್ತಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಗೆಲಿಲಿಯೊನನ್ನು 1633ರಲ್ಲಿ ದಂಡಿಸಿದ ಧರ್ಮಸಭೆಯ ತಪ್ಪನ್ನು ಪೋಪ್ 2ನೇ ಜಾನ್ ಪಾಲ್ ಬಹಿರಂಗವಾಗಿ ಒಪ್ಪಿಕೊಂಡದ್ದು 1992ರಲ್ಲಿ. ಕಥೋಲಿಕನಾದ ನಾನು ಅದನ್ನು ಮರೆಮಾಚಲಾರೆ.

ಆದರೆ ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನಲ್ಲಿದ್ದ ಯೇಸುಸಭೆಯ (ಜೆಸ್ವಿಟ್) ಪಾದ್ರಿ, ಸಸ್ಯವಿಜ್ಞಾನಿ ಸೆಸಿಲ್ ಸಲ್ದಾನ ಅವರ ಕೆಲಸವನ್ನು ಬಲ್ಲವರಿಗೆ ಉತ್ತರವೂ ಕಣ್ಣೆದುರಿಗಿದೆ. ಅಮೆರಿಕದ ಸಸ್ಯವಿಜ್ಞಾನಿ ಡ್ಯಾನ್ ನಿಕೋಲ್ಸನ್ ಅವರ ಜೊತೆಗೂಡಿ 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಗಳ ಬೃಹತ್ ಗ್ರಂಥವನ್ನೂ, ಮುಂದೆ 1984ರಲ್ಲಿ ತಾವೇ ಕರ್ನಾಟಕದ ಸಸ್ಯಗಳ ಗ್ರಂಥದ ಮೊದಲ ಸಂಪುಟವನ್ನೂ ಅವರು ಹೊರತಂದರು. ಅವರು ಕಟ್ಟಿದ ಹರ್ಬೇರಿಯಂ (ಒಣಗಿಸಿದ ಸಸ್ಯಗಳ ಸಂಗ್ರಹ) ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಹೂಬಿಟ್ಟ ರೆಂಬೆಯನ್ನು ಹಳೆಯ ಪತ್ರಿಕೆಗಳ ನಡುವೆ ಇಟ್ಟು ಬಿಗಿದು (ನಿಮ್ಮ ಪತ್ರಿಕೆಯೂ ನನಗೆ ಈ ಸೇವೆ ಸಲ್ಲಿಸಿದೆ), ತೇವ ಹೀರಿದ ಹಾಳೆಗಳನ್ನು ಬದಲಿಸುತ್ತ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಕೆಳಮೂಲೆಯ ಚೀಟಿಯಲ್ಲಿ ಸ್ಥಳ, ಎತ್ತರ, ದಿನಾಂಕ, ಹೂವಿನ ಬಣ್ಣ, ಸಂಗ್ರಹಿಸಿದವರ ಹೆಸರು ಇಷ್ಟನ್ನು ಬರೆಯಬೇಕು. ಸೃಷ್ಟಿಕರ್ತನ ಮಹಿಮೆಗೆ ಆ ಚೀಟಿಯಲ್ಲಿ ಜಾಗವಿಲ್ಲ. ಬೆಳಿಗ್ಗೆ ಬಲಿಪೂಜೆ ಅರ್ಪಿಸಿ ಬಂದ ಗುರುವಾಗಲಿ, ದೇವರೇ ಇಲ್ಲವೆನ್ನುವವನಾಗಲಿ, ಅಲ್ಲಿ ಕಂಡದ್ದನ್ನಷ್ಟೇ ಬರೆಯಬೇಕು.

ವಿಜ್ಞಾನಕ್ಕೂ ನಂಬಿಕೆಗೂ ನಡುವಿನ ಈ ಗೆರೆಯನ್ನು ಪೋಪರ ಎದುರೂ ಅಳಿಸಲು ಬಿಡದವರು ಬೆಲ್ಜಿಯಂನ ಪಾದ್ರಿ, ಖಗೋಳವಿಜ್ಞಾನಿ ಜಾರ್ಜ್ ಲೆಮೆತ್ರ್. ವಿಶ್ವ ಹಿಗ್ಗುತ್ತಿದೆಯೆಂದು 1927ರಲ್ಲಿ ಲೆಕ್ಕ ಹಾಕಿ ತೋರಿಸಿದ ಅವರು, ಅದೆಲ್ಲ ಒಂದು ಆದಿ ಪರಮಾಣುವಿನಿಂದ ಹೊರಟಿರಬೇಕೆಂದು 1931ರಲ್ಲಿ ಸೂಚಿಸಿದರು. 1951ರಲ್ಲಿ ಪೋಪ್ 12ನೇ ಪಿಯೂಸ್ ಆಧುನಿಕ ಖಗೋಳವಿಜ್ಞಾನವನ್ನು ಬೈಬಲಿನ ‘ಬೆಳಕಾಗಲಿ’ ಎಂಬ ಮಾತಿಗೆ ಸಾಕ್ಷಿಯಾಗಿ ನಿಲ್ಲಿಸಿದಾಗ ಬೇರೆ ಯಾವ ಪಾದ್ರಿಯಾದರೂ ಹಿಗ್ಗುತ್ತಿದ್ದ. ಲೆಮೆತ್ರ್ ಅವರಿಗೆ ಅದು ಹಿಡಿಸಲಿಲ್ಲ. ತಮ್ಮ ಸಿದ್ಧಾಂತ ಧರ್ಮದ ಪ್ರಶ್ನೆಗಳಿಂದ ಪೂರ್ತಿ ಹೊರಗಿನದು ಎಂಬುದು ಅವರ ನಿಲುವು. ಆ ನಿಲುವು ಭಕ್ತಿಯ ಕೊರತೆಯಿಂದ ಹುಟ್ಟಿದ್ದಲ್ಲ ಎಂದೇ ನನ್ನ ತಿಳಿವಳಿಕೆ: ಇಂದಿನ ಲೆಕ್ಕದ ಮೇಲೆ ನಿಲ್ಲಿಸಿದ ನಂಬಿಕೆಯನ್ನು ನಾಳಿನ ದೂರದರ್ಶಕ ಕೆಡವೀತು.

ಇಷ್ಟಾದರೂ ಪೋಪರ ವಿಜ್ಞಾನ ಅಕಾಡೆಮಿಗೆ 1960ರಲ್ಲಿ ಅವರೇ ಅಧ್ಯಕ್ಷರಾದರು. ಆ ಅಕಾಡೆಮಿಯ ಸದಸ್ಯತ್ವಕ್ಕೆ ದೀಕ್ಷಾಸ್ನಾನ ಪಡೆದ ಕ್ರೈಸ್ತರಾಗಿರಬೇಕೆಂಬ ಷರತ್ತಿಲ್ಲ, ನಮ್ಮ ಸಿ.ಎನ್.ಆರ್. ರಾವ್ ಅವರೂ ಅದರ ಸದಸ್ಯರು.

– ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕ, ಮಂಗಳೂರು