ದವಡೆಯಿಂದ ತೆಗೆದಿದ್ದನ್ನ ಲ್ಯಾಬಿಗೆ ಕಳಿಸಿ, ರಿಪೋರ್ಟು ಕೈಗೆ ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಗುಟ್ಕಾ, ತಂಬಾಕು, ಬಾಯಿ ಕ್ಯಾನ್ಸರ್ ಬಗ್ಗೆ ಪೇಪರ್‌ನಲ್ಲಿ ಆಗಾಗ ಬರುತ್ತೆ, ಬರಲೇಬೇಕು, ನಾನೂ ತಪ್ಪದೆ ಓದ್ತೀನಿ. ಆದ್ರೆ ದವಡೆ ಮೂಳೆ ಒಳಗೇ ಹುಟ್ಟೋ ಇನ್ನೊಂದು ಗಡ್ಡೆ ಇದೆ, ಅಮೆಲೋಬ್ಲಾಸ್ಟೋಮಾ ಅಂತಾರೆ. ಆ ಹೆಸರು ನಾನು ಮೊದಲ ಸಲ ಕೇಳಿದ್ದು ನನ್ನ ತಮ್ಮನ ಬಯಾಪ್ಸಿ ರಿಪೋರ್ಟಲ್ಲಿ, ಅಷ್ಟೊತ್ತಿಗೆ ಅದು ಅವನ ಬಲಗಡೆ ಕೆಳದವಡೆನ ಒಳಗಿಂದ ತಿಂದು ಹಾಕಿತ್ತು. ನಮ್ಮ ಮನೇಲಿ ಆಗಿದ್ದು ಇನ್ನೊಬ್ಬರ ಮನೇಲಿ ಆಗಬಾರದು ಅಂತ ಬರೀತಿದ್ದೀನಿ, ಸ್ವಲ್ಪ ಉದ್ದ ಆಗ್ಬಹುದು, ದಯವಿಟ್ಟು ಓದಿ.

ನಮ್ಮದು ತುಮಕೂರು ಜಿಲ್ಲೆ, ತೆಂಗಿನ ತೋಟ. ತಮ್ಮನಿಗೆ ಆಗ 23 ವರ್ಷ. ಒಂದಿನ ಕೊಬ್ಬರಿ ಕಚ್ಚೋಕೆ ಬಲಗಡೆ ಆಗ್ತಿಲ್ಲ ಕಣಕ್ಕ, ಹಲ್ಲು ಏನೋ ಒಂಥರಾ ಅನ್ನಿಸ್ತಿದೆ ಅಂದ. ನೋವು ಇದ್ಯಾ ಅಂದ್ರೆ ಇಲ್ಲ ಅಂದ. ನೋವಿಲ್ಲ ಅಂದ್ಮೇಲೆ ಯಾರು ತಲೆ ಕೆಡಿಸ್ಕೋತಾರೆ ಹೇಳಿ, ಅದೂ ದಿನಾ ಮುದ್ದೆ ಉಣ್ಣೋ ಮನೆ, ಮುದ್ದೆ ನುಂಗೋದು ತಾನೆ, ಅಗಿಯೋ ತೊಂದರೆ ಯಾರಿಗೂ ಗೊತ್ತಾಗಲ್ಲ. ಆಮೇಲೆ ಕೆನ್ನೆ ದಪ್ಪ ಕಾಣೋಕೆ ಶುರುವಾಯ್ತು. ಮಂಗನಬಾವು ಅಂತ ಪಟ್ಟು ಹಾಕಿದ್ವಿ, ಮೆಡಿಕಲ್ ಶಾಪ್ ಮಾತ್ರೆ ನುಂಗಿದ್ದಾಯ್ತು. ಒಬ್ರು ಹಲ್ಲಿನ ಡಾಕ್ಟ್ರು ಹುಳುಕು ಹಲ್ಲಿನ ಇನ್‌ಫೆಕ್ಷನ್ ಅಂತ ಐದು ದಿನದ ಆಂಟಿಬಯೋಟಿಕ್ ಬರೆದು ಒಂದು ದವಡೆ ಹಲ್ಲು ಕಿತ್ರು, ಆಗ ತೆಗೆದಿದ್ದು ಎರಡು ಮೂರು ಹಲ್ಲು ಮಾತ್ರ ಕಾಣೋ ಚಿಕ್ಕ ಎಕ್ಸರೇ. ಹೀಗೇ ಒಂದು ವರ್ಷ ಕಳೆದುಹೋಯ್ತು.

ನಂತರ ಒಂದು ನರ್ಸಿಂಗ್ ಹೋಮಲ್ಲಿ, ಮೂಳೆ ಒಳಗೆ ನೀರು ತುಂಬಿರೋ ಗುಳ್ಳೆ, ಸಿಸ್ಟ್, ಕೆರೆದು ತೆಗೆದ್ರೆ ಮುಗೀತು ಅಂದ್ರು. ತೆಗೆದ್ರು. ಎರಡೇ ದಿನಕ್ಕೆ ಮನೆಗೆ ಬಂದ, ನಾವೂ ಮಂಜುನಾಥಸ್ವಾಮಿಗೆ ಹರಕೆ ತೀರಿಸಿ ಬಂದ್ವಿ. ತೆಗೆದಿದ್ದನ್ನ ಏನು ಮಾಡಿದ್ರು ಅಂತ ಕೇಳಬೇಕು ಅನ್ನೋದೇ ನಮಗೆ ಗೊತ್ತಿರ್ಲಿಲ್ಲ, ಅವ್ರೂ ಹೇಳಲಿಲ್ಲ. ಡಿಸ್ಚಾರ್ಜ್ ಸಮ್ಮರೀಲಿ ಲ್ಯಾಬ್ ರಿಪೋರ್ಟಿನ ಮಾತೇ ಇಲ್ಲ.

ನಾಲ್ಕು ವರ್ಷ ಆದ್ಮೇಲೆ ಅದೇ ಜಾಗದಲ್ಲಿ ಮತ್ತೆ ಊತ, ಈ ಸಲ ಮೂರು ಹಲ್ಲು ಅಲ್ಲಾಡ್ತಾ ಇದ್ವು. ಬೆಂಗಳೂರಿಗೆ, ಒಂದು ದಂತ ಕಾಲೇಜಿನ ಆಸ್ಪತ್ರೆಗೆ ಕರ್ಕೊಂಡು ಹೋದೆ. ಅಲ್ಲಿ ಪಿಜಿ ಓದ್ತಿರೋ ಚಿಕ್ಕ ವಯಸ್ಸಿನ ಡಾಕ್ಟ್ರಮ್ಮ ಒಬ್ರು ಕೆನ್ನೆ ಮುಟ್ಟಿ ನೋಡಿದ ತಕ್ಷಣ ಕೇಳಿದ ಮೊದಲ ಪ್ರಶ್ನೆ, ಹಿಂದೆ ತೆಗೆದಿದ್ದು ಬಯಾಪ್ಸಿಗೆ ಕಳ್ಸಿದ್ರಾ, ರಿಪೋರ್ಟ್ ಎಲ್ಲಿ? ನನ್ನ ಹತ್ರ ಉತ್ತರ ಇರ್ಲಿಲ್ಲ. ಆ ಪ್ರಶ್ನೆ ಇವತ್ತಿಗೂ ನನ್ನ ಕಿವೀಲಿ ಇದೆ, ಈ ಪತ್ರ ಬರೆಯೋಕೆ ಅದೇ ಕಾರಣ.

ಅವ್ರು ಓಪಿಜಿ ತೆಗೆಸಿದ್ರು. ಮುಖದ ಸುತ್ತ ಮಷೀನು ಒಂದು ಸಲ ತಿರುಗುತ್ತೆ, ಎರಡೂ ದವಡೆ ಎಲ್ಲಾ ಹಲ್ಲು ಒಂದೇ ಫಿಲ್ಮಲ್ಲಿ ಬರುತ್ತೆ, ನಿಮಿಷದ ಕೆಲಸ. ಅದ್ರಲ್ಲಿ ನೋಡಿದ್ರೆ ಬಲಗಡೆ ಮೂಳೆ ಇರಬೇಕಾದ ಕಡೆ ಸೋಪಿನ ನೊರೆ ಥರ ಗುಳ್ಳೆ ಗುಳ್ಳೆ, ಪಕ್ಕದ ಹಲ್ಲಿನ ಬೇರುಗಳು ಚಾಕು ಹಾಕಿ ಕೊಯ್ದ ಹಾಗೆ ಮೊಟಕಾಗಿದ್ವು. ಹೊರಗಿನ ಮೂಳೆ ಮೊಟ್ಟೆ ಸಿಪ್ಪೆಯಷ್ಟು ತೆಳ್ಳಗಾಗಿದೆ ಅಂದ್ರು. ಆದ್ರೂ ಡಾಕ್ಟ್ರು ಎಕ್ಸರೇ ನೋಡಿ ಹೆಸರು ಹೇಳಲಿಲ್ಲ. ಹೀಗೇ ಕಾಣೋ ಬೇರೆ ಸಿಸ್ಟು ಗಡ್ಡೆಗಳೂ ಇವೆ, ಚೂರು ತೆಗೆದು ಮೈಕ್ರೋಸ್ಕೋಪ್ ಕೆಳಗೆ ನೋಡದೆ ಹೇಳೋಕಾಗಲ್ಲ ಅಂದ್ರು. ಸಿಟಿ ಸ್ಕ್ಯಾನ್ ಆಯ್ತು, ಮರಗಟ್ಟೋ ಇಂಜೆಕ್ಷನ್ ಕೊಟ್ಟು ಒಳಗಿಂದ ಚೂರು ತೆಗೆದ್ರು, ಫಾರ್ಮಾಲಿನ್ ಅನ್ನೋ, ಚೂರು ಕೆಡದ ಹಾಗೆ ಇಡೋ ದ್ರವ ಹಾಕಿದ ಪುಟ್ಟ ಡಬ್ಬಿಗೆ ಹಾಕಿ ಹೆಸರು ಬರೆದು ಅದೇ ಕಾಲೇಜಿನ ಓರಲ್ ಪೆಥಾಲಜಿಗೆ, ಅಂದ್ರೆ ಬಾಯಿ ದವಡೆಯಿಂದ ತೆಗೆದ ಚೂರು ಪರೀಕ್ಷೆ ಮಾಡೋ ವಿಭಾಗಕ್ಕೆ ಕಳ್ಸಿದ್ರು, ನನ್ನ ಕಣ್ಣ ಮುಂದೇನೇ. ಅಷ್ಟೇ ಅಷ್ಟು ಚಿಕ್ಕ ಡಬ್ಬಿ ಸಂಪಾದಕರೇ. ನಾಲ್ಕು ವರ್ಷದ ಹಿಂದೆ ಅದೊಂದು ಡಬ್ಬಿ ಇದ್ದಿದ್ರೆ ಅಂತ ಅಲ್ಲೇ ಕಾರಿಡಾರಲ್ಲಿ ಕೂತು ಅತ್ತೆ.

ರಿಪೋರ್ಟ್ ಬಂದ್ಮೇಲೆ ದೊಡ್ಡ ಡಾಕ್ಟ್ರು ಕೂರಿಸಿ ಹೇಳಿದ್ದನ್ನ ನನಗೆ ಅರ್ಥ ಆದ ಹಾಗೆ ಹೇಳ್ತೀನಿ. ಮಗು ಹಲ್ಲು ಹುಟ್ಟುವಾಗ ಹಲ್ಲಿನ ಮೇಲಿನ ಬಿಳಿ ಗಟ್ಟಿ ಪದರ, ಎನಾಮೆಲ್, ಅದನ್ನ ಕಟ್ಟೋ ಕೋಶಗಳು ಇರ್ತವೆ. ಹಲ್ಲು ಬಂದು ಕೆಲಸ ಮುಗಿದ್ಮೇಲೂ ಆ ವಂಶದ ಚೂರುಪಾರು ಕೋಶ ದವಡೆಲಿ ಉಳ್ಕೊಂಡಿರ್ತವೆ, ಯಾವತ್ತೋ ಒಂದಿನ ಅದ್ರಿಂದ ಈ ಗಡ್ಡೆ ಶುರುವಾಗುತ್ತೆ. ಗುಟ್ಕಾ ತಂಬಾಕಿಂದ ಬರೋದಲ್ಲ. (ಇದನ್ನ ಒತ್ತಿ ಹೇಳ್ತಿದ್ದೀನಿ, ಯಾಕಂದ್ರೆ ಊರಲ್ಲಿ ಕದ್ದು ಮುಚ್ಚಿ ಏನೋ ಹಾಕ್ತಿದ್ದ ಬಿಡು ಅಂತ ಮಾತಾಡ್ಕೊಂಡ್ರು, ಎಲೆಅಡಿಕೆ ಕೂಡ ಮುಟ್ಟದ ಹುಡುಗ ಅವನು.) ಹತ್ತರಲ್ಲಿ ಎಂಟು ಕೆಳದವಡೆಲೇ ಬರ್ತವೆ, ಅದ್ರಲ್ಲೂ ಹಿಂದಿನ ದವಡೆಹಲ್ಲಿನ ಕಡೆ. ಕ್ಯಾನ್ಸರ್ ಥರ ಮೈಯೆಲ್ಲ ಹರಡೋದು ತೀರಾ ಅಪರೂಪ, ಆದ್ರೆ ಇರೋ ಜಾಗದಲ್ಲಿ ಮಾತ್ರ ಸುಮ್ನೆ ಬಿಡಲ್ಲ. ಮೂಳೆ ಒಳಗಿನ ಸ್ಪಂಜಿನ ಥರದ ಸಂದುಗಳಲ್ಲಿ ಎಳೆ ಎಳೆಯಾಗಿ ನುಗ್ಗಿರುತ್ತೆ, ಎಕ್ಸರೇಲಿ ಕಾಣೋ ಅಂಚಿಗಿಂತ ಆಚೆಗೂ ಇರುತ್ತೆ. ಅದಕ್ಕೇ ಬರೀ ಕೆರೆದು ತೆಗೆದ್ರೆ ವಾಪಸ್ ಬರೋ ಸಂಭವ ಬಹಳ ಜಾಸ್ತಿ, ಸುತ್ತ 1ರಿಂದ 2 ಸೆಂಟಿಮೀಟರ್ ಒಳ್ಳೇ ಮೂಳೆನೂ ಸೇರಿಸಿ ಕತ್ತರಿಸಿ ತೆಗೆದ್ರೆ ತುಂಬಾ ಕಮ್ಮಿ.

ಎಲ್ಲರಿಗೂ ಇಷ್ಟು ದೊಡ್ಡ ಆಪರೇಷನ್ ಬೇಕು ಅಂತ ಯಾರೂ ಹೆದರಬೇಡಿ. ಇದ್ರಲ್ಲೇ ಯೂನಿಸಿಸ್ಟಿಕ್ ಅಂತ ಒಂದು ಬಗೆ ಇದೆ, ಹದಿಹರೆಯದವರಲ್ಲಿ ಹೆಚ್ಚು, ಅದ್ರಲ್ಲಿ ಗಡ್ಡೆ ಸಿಸ್ಟಿನ ಗೋಡೆ ಒಳಗೆ ಎಷ್ಟು ನುಗ್ಗಿದೆ ಅನ್ನೋದರ ಮೇಲೆ ಕೆಲವರಿಗೆ ಚಿಕ್ಕ ಆಪರೇಷನ್ನೇ ಸಾಕಾಗುತ್ತೆ, ದವಡೆ ಉಳಿಯುತ್ತೆ. ಯಾರಿಗೆ ಚಿಕ್ಕದು ಯಾರಿಗೆ ದೊಡ್ಡದು ಅಂತ ತೀರ್ಮಾನ ಆಗೋದೂ ಆ ಲ್ಯಾಬ್ ರಿಪೋರ್ಟಿಂದಲೇ ತಾನೆ.

ಮಾತ್ರೆಲಿ ಕರಗಿಸೋಕಾಗಲ್ವಾ ಅಂತ ನಾವೂ ಕೇಳಿದ್ವಿ. 2014ರಲ್ಲಿ ಸಂಶೋಧಕರು ಕೆಳದವಡೆಯ ಈ ಗಡ್ಡೆಗಳಲ್ಲಿ ಬಹಳಷ್ಟರಲ್ಲಿ ಬಿರಾಫ್ ಅನ್ನೋ ಜೀನಲ್ಲಿ ಬದಲಾವಣೆ ಇರೋದನ್ನ ಕಂಡುಹಿಡಿದ್ರಂತೆ, ಅದಕ್ಕೆ ಹೊಂದೋ ಮಾತ್ರೆ ಕೊಟ್ಟು ಕೆಲವು ರೋಗಿಗಳಲ್ಲಿ ಗಡ್ಡೆ ಕುಗ್ಗಿದ್ದೂ ಇದೆ, ಆದ್ರೆ ಸದ್ಯಕ್ಕೆ ಆಪರೇಷನ್ನೇ ಮುಖ್ಯ ಅಂದ್ರು. ಕೀಮೋ ಆಯ್ತಾ ಅಂತ ನೆಂಟರು ಈಗಲೂ ಕೇಳ್ತಾರೆ, ಇದಕ್ಕೆ ಸಾಮಾನ್ಯವಾಗಿ ಕೀಮೋ ಕೊಡಲ್ಲ.

ಆಪರೇಷನ್ ಬೆಳಗ್ಗೆ ಶುರುವಾಗಿದ್ದು ಮುಗಿದಾಗ ರಾತ್ರಿ. ಗದ್ದದ ಹತ್ರದಿಂದ ದವಡೆ ಮೂಲೆ ತನಕ ಮೂಳೆ ತೆಗೆದ್ರು. ಮಂಡಿ ಕೆಳಗೆ ಎರಡು ಮೂಳೆ ಇರ್ತಾವಲ್ಲ, ಅದ್ರಲ್ಲಿ ಹೊರಗಡೆ ಇರೋ ತೆಳ್ಳನೇದು, ಫಿಬುಲಾ, ಅದ್ರ ಒಂದು ತುಂಡನ್ನ ರಕ್ತನಾಳದ ಸಮೇತ ತಂದು, ದವಡೆ ಆಕಾರಕ್ಕೆ ಕತ್ತರಿಸಿ ಟೈಟಾನಿಯಂ ಪ್ಲೇಟಲ್ಲಿ ಕೂರಿಸಿ, ಕುತ್ತಿಗೆಯ ರಕ್ತನಾಳಕ್ಕೆ ಮೈಕ್ರೋಸ್ಕೋಪಲ್ಲಿ ನೋಡ್ಕೊಂಡು ಹೊಲೆದ್ರು. ಆ ಮೂಳೆಗೆ ರಕ್ತ ಹರೀತಿದ್ಯಾ ಅಂತ ಐಸಿಯೂಲಿ ಗಂಟೆಗೊಂದು ಸಲ ನರ್ಸ್ ಬಂದು ನೋಡೋರು. ಮೂಗಿನ ನಳಿಕೇಲಿ ರಾಗಿ ಗಂಜಿ ಹೋಯ್ತು ಎಷ್ಟೋ ದಿನ. ಆಮೇಲೆ ಬಾಯಿಗೆ ಕೊಟ್ಟಿದ್ದು ಬಸ್ಸಾರಲ್ಲಿ ಅದ್ದಿದ ಮೆತ್ತಗಿನ ಮುದ್ದೆ, ಅಮ್ಮ ಚೂರು ಚೂರೇ ಮಾಡಿ ಕೊಟ್ರು.

ಈಗ ಅವನು ಕುಂಟದೆ ನಡೀತಾನೆ, ತೋಟಕ್ಕೆ ಹೋಗ್ತಾನೆ. ದವಡೆ ಒಳಗೆ ಹೋಗೋ ನರನೂ ಮೂಳೆ ಜೊತೆ ಹೋಗಿದ್ದರಿಂದ ಕೆಳತುಟಿ ಬಲಗಡೆ ಜೋಮು, ಕಾಫಿ ಕುಡೀವಾಗ ಸುರಿದ್ರೂ ಗೊತ್ತಾಗಲ್ಲ, ಟವಲ್ ಇಟ್ಕೊಂಡೇ ಕುಡೀತಾನೆ. ಹಲ್ಲಿನ ಇಂಪ್ಲಾಂಟಿಗೆ ದುಡ್ಡು ಹೊಂದಿಸ್ತಿದ್ದೀವಿ. ಮೊದಲ ವರ್ಷವೇ ಗಡ್ಡೆ ಚಿಕ್ಕದಿದ್ದಾಗ ಸಿಕ್ಕಿದ್ರೆ ಇಷ್ಟು ಮೂಳೆ ಹೋಗ್ತಿರ್ಲಿಲ್ವೇನೋ ಅನ್ನೋದು ನಮಗೆ ಉಳಿದಿರೋ ಸಂಕಟ. ಈ ಗಡ್ಡೆ ಹತ್ತು ವರ್ಷ ಆದ್ಮೇಲೂ ವಾಪಸ್ ಬಂದಿರೋದು ಇದೆಯಂತೆ, ಹಾಗಾಗಿ ಚೆನ್ನಾಗಿದ್ದೀನಿ ಅಂತ ಚೆಕಪ್ ಬಿಡೋ ಹಾಗಿಲ್ಲ.

ಇನ್ನು ಸರ್ಕಾರಕ್ಕೆ ನನ್ನ ವಿನಂತಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಒಳ್ಳೇದು, ಆದ್ರೆ ಕಾಯಿಲೆ ಏನು ಅಂತ ಗೊತ್ತಾಗೋ ಮುಂಚೆ ನಾವು ಓಡಾಡಿದ ಒಂದೊಂದು ಎಕ್ಸರೇ, ಬಸ್ ಚಾರ್ಜು, ಕೂಲಿ ತಪ್ಪಿದ ದಿನ ಎಲ್ಲ ಕೈಯಿಂದಲೇ ಹೋಯ್ತು. ತಾಲ್ಲೂಕು ಆಸ್ಪತ್ರೆಲಿ ಹಲ್ಲಿನ ಡಾಕ್ಟ್ರು ಇರೋ ಕಡೆಯೆಲ್ಲ ಒಂದು ಓಪಿಜಿ ಮಷೀನು ಇರಲಿ. ನಮ್ಮ ರಾಜ್ಯದಲ್ಲಿ 40ಕ್ಕೂ ಹೆಚ್ಚು ದಂತ ಕಾಲೇಜು ಇವೆ, ಓರಲ್ ಪೆಥಾಲಜಿ ಹಲ್ಲಿನ ಡಾಕ್ಟ್ರ ಓದಿನಲ್ಲೇ ಇರೋ ವಿಷಯ, ಹೇಳ್ಕೊಡೋ ಮೇಷ್ಟ್ರುಗಳೂ ಅಲ್ಲೇ ಇದ್ದಾರೆ. ಒಂದೊಂದು ತಾಲ್ಲೂಕನ್ನ ಹತ್ತಿರದ ಒಂದು ಕಾಲೇಜಿಗೆ ಜೋಡಿಸಿ, ದವಡೆಯಿಂದ ಏನೇ ತೆಗೆದ್ರೂ ಫಾರ್ಮಾಲಿನ್ ಡಬ್ಬೀಲಿ ಅಲ್ಲಿಗೆ ಹೋಗಬೇಕು, ರಿಪೋರ್ಟಿನ ಒಂದು ಕಾಪಿ ರೋಗಿ ಕೈಗೆ ಬರಬೇಕು ಅಂತ ಆರೋಗ್ಯ ಇಲಾಖೆ ಒಂದು ಆದೇಶ ಮಾಡಲಿ, ಪ್ರೈವೇಟ್ ನರ್ಸಿಂಗ್ ಹೋಮಿಗೂ ಸೇರಿಸಿ. ಹಲ್ಲಿನ ಡಾಕ್ಟ್ರುಗಳಲ್ಲೂ ಕೈ ಮುಗಿದು ಕೇಳ್ಕೋತೀನಿ, ನೋವಿಲ್ಲದೆ ಊದಿರೋ ದವಡೆ, ಕಾರಣ ಇಲ್ಲದೆ ಅಲ್ಲಾಡೋ ಹಲ್ಲು ಕಂಡ್ರೆ ಕೀಳೋ ಮುಂಚೆ ಪೂರ್ತಿ ದವಡೆ ಎಕ್ಸರೇ ಒಂದು ನೋಡಿಬಿಡಿ.

ತಮ್ಮನಿಗೆ ಬರೋ ತಿಂಗಳು ಮತ್ತೆ ಚೆಕಪ್ ಇದೆ, ಆಪರೇಷನ್ ಆಗಿ ಎರಡು ವರ್ಷ ತುಂಬುತ್ತೆ. ಅವನ ಮೊದಲಿನ ಓಪಿಜಿ, ಆಪರೇಷನ್ ಆದ್ಮೇಲಿನ ಓಪಿಜಿ ಎರಡೂ ನನ್ನ ಹತ್ರ ಇವೆ, ಹೆಸರು ಹಾಕದೆ ಛಾಪಿಸೋದಾದ್ರೆ ಕೊಡು ಅಂತ ಅವನೇ ಹೇಳಿದ್ದಾನೆ. ನಿಮ್ಮ ಆರೋಗ್ಯ ಪುಟದಲ್ಲಿ ಜಾಗ ಇದ್ರೆ ತಿಳಿಸಿ, ಕಳಿಸ್ತೀನಿ.

ಇಂತಿ,
ನಿಮ್ಮ ಓದುಗಳು
ತುಮಕೂರು ಜಿಲ್ಲೆ