ಬೀದಿಯಲ್ಲಿ ಮಾತು ಕೇಳದ ನಾಯಿಗೆ ಬೀದಿಯಲ್ಲೇ ಪಾಠವಾಗಬೇಕು

ಮಾನ್ಯರೇ,

ನಗರದ ಉದ್ಯಾನಗಳಿಗೆ ಸಾಕುನಾಯಿಗಳನ್ನು ಬಿಡಲೇಬಾರದೆಂದು ಕೋರಿ ಓದುಗರೊಬ್ಬರು ಈ ಅಂಕಣದಲ್ಲಿ ಬರೆದಿದ್ದ ಪತ್ರವನ್ನು ಓದಿದೆ. ಬೆಳಗಿನ ನಡಿಗೆಗೆ ಬಂದ ಹಿರಿಯರ ಮೇಲೆ ನಾಯಿ ಎಗರುವುದು, ಅದರ ಒಡೆಯರು ಹಿಂದಿನಿಂದ ಹೆಸರು ಕೂಗುತ್ತ ಓಡಿಬಂದು 'ಏನೂ ಮಾಡಲ್ಲ, ಹೆದರಬೇಡಿ' ಎನ್ನುವುದು ನಾನೂ ಕಂಡಿರುವ ನೋಟ. ಅವರ ದೂರಿನಲ್ಲಿ ಸುಳ್ಳಿಲ್ಲ. ಆದರೆ ಗೇಟಿಗೆ ನಿಷೇಧದ ಫಲಕ ಹಾಕಿದರೆ ಆ ನಾಯಿ ಉದ್ಯಾನ ಬಿಟ್ಟು ರಸ್ತೆಗೆ ಬರುತ್ತದೆಯೇ ಹೊರತು ಅದರ ಸ್ವಭಾವವೇನೂ ತಿದ್ದುವುದಿಲ್ಲ.

ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ನಾಲ್ಕು ವರ್ಷಗಳ ಹಿಂದೆ ಜಮಖಂಡಿಯ ನೆಂಟರು ಮುಧೋಳ ತಳಿಯ ಮರಿಯೊಂದನ್ನು ತಂದುಕೊಟ್ಟರು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು 'ಮನ್ ಕಿ ಬಾತ್' ಬಾನುಲಿ ಕಾರ್ಯಕ್ರಮದಲ್ಲಿ ಈ ತಳಿಯ ಹೆಸರು ಹೇಳಿದ ಮೇಲೆ ಅದನ್ನು ಸಾಕುವ ಹುಮ್ಮಸ್ಸು ಪೇಟೆಯವರಲ್ಲಿ ಹಬ್ಬಿತ್ತು. ನನಗೂ ಅದು ತಗುಲಿತ್ತೆಂದು ಒಪ್ಪಿಕೊಳ್ಳುತ್ತೇನೆ. ಮನೆಯೊಳಗೆ ನಮ್ಮ ಮಿಂಚ ಕೂರು ಎಂದರೆ ಕೂರುತ್ತಿದ್ದ, ನಿಲ್ಲು ಎಂದರೆ ನಿಲ್ಲುತ್ತಿದ್ದ. ಒಂದೂವರೆ ವರ್ಷದವನಿದ್ದಾಗ ಒಂದು ಸಂಜೆ ರಸ್ತೆಯಾಚೆ ಮೇಕೆ ಮರಿಯೊಂದು ಕುಪ್ಪಳಿಸಿದ್ದನ್ನು ಕಂಡವನೇ ನುಗ್ಗಿದ. ಚೈನನ್ನು ಕೈಗೆ ಸುತ್ತಿಕೊಂಡಿದ್ದ ನಾನು ಮುಗ್ಗರಿಸಿ ಬಿದ್ದು, ಮಣಿಕಟ್ಟು ಮುರಿದುಕೊಂಡು ಆರು ವಾರ ಪಟ್ಟಿ ಕಟ್ಟಿಸಿಕೊಂಡೆ. ಚೈನನ್ನು ಕೈಗೆ ಸುತ್ತಿಕೊಳ್ಳುವ ಅಭ್ಯಾಸವಿರುವವರು ಇದನ್ನು ಓದುತ್ತಿದ್ದರೆ ಇಂದೇ ಬಿಡಲಿ.

ಆಮೇಲೆ ನಾನು ಮಾಡಿದ ತಪ್ಪು ಅದಕ್ಕಿಂತ ದೊಡ್ಡದು. ಎಳೆದಷ್ಟೂ ಕುತ್ತಿಗೆಗೆ ಬಿಗಿಯುವ ಸರಪಳಿ ಹಾಕಿ, ಇನ್ನೊಂದು ನಾಯಿ ಎದುರಾದಾಗಲೆಲ್ಲ ಜಗ್ಗಿ ಬುದ್ಧಿ ಕಲಿಸುವ ತರಬೇತುದಾರರೊಬ್ಬರ ಕೈಗೆ ಅವನನ್ನು ಒಪ್ಪಿಸಿದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ, ಅದುವರೆಗೆ ಬೇರೆ ನಾಯಿಗಳನ್ನು ಬರೀ ಕುತೂಹಲದಿಂದ ನೋಡುತ್ತಿದ್ದವನು ಅವುಗಳ ನೆರಳು ಕಂಡರೂ ಹಲ್ಲು ಕಿರಿದು ಬೊಗಳತೊಡಗಿದ್ದ. ಕಾರಣ ಸರಳವಾಗಿದೆ. ಕುತ್ತಿಗೆಗೆ ನೋವಾದದ್ದು ತಾನು ಎಳೆದದ್ದರಿಂದ ಎಂದು ನಾಯಿ ತಿಳಿಯುತ್ತದೆಂಬ ಖಾತರಿಯಿಲ್ಲ. ಆ ಕ್ಷಣದಲ್ಲಿ ಕಣ್ಣೆದುರು ಇದ್ದದ್ದು ಇನ್ನೊಂದು ನಾಯಿ, ಆದ್ದರಿಂದ ನೋವಿಗೂ ಅದಕ್ಕೂ ಗಂಟು ಬೀಳುತ್ತದೆ. ಜೀವಶಾಸ್ತ್ರದ ಪಾಠದಲ್ಲಿ, ಊಟದ ಜೊತೆ ಸದ್ದು ಕೇಳಿ ಕೇಳಿ ಕೊನೆಗೆ ಬರೀ ಸದ್ದಿಗೇ ಜೊಲ್ಲು ಸುರಿಸಿದ ಪಾವ್ಲೋವ್‌ನ ನಾಯಿಯ ಕಥೆಯನ್ನು ಇಪ್ಪತ್ತೆಂಟು ವರ್ಷ ಹೇಳಿದ ನನಗೆ ಇದು ಮನೆಯಂಗಳದಲ್ಲಿ ಹೊಳೆಯಲಿಲ್ಲವೆಂಬುದು ಬೇರೆ ಮಾತು.

ದಾರಿ ತೋರಿದವರು ನಮ್ಮ ಬಡಾವಣೆಯ ಪಶುವೈದ್ಯರು. ಅವರು ಹೇಳಿದ ಮೊದಲ ಮಾತೆಂದರೆ, ನಡುಮನೆಯಲ್ಲಿ ಕಲಿತ 'ಕೂರು' ಬೀದಿಯಲ್ಲಿ ನಾಯಿಗೆ ಹೊಸ ಪಾಠವೇ ಆಗಿರುತ್ತದೆ, ಅದು ಮಾತು ಮೀರುತ್ತಿಲ್ಲ, ಅಲ್ಲಿ ಅದಕ್ಕೆ ಇನ್ನೂ ಕಲಿಸಿಲ್ಲ, ಅಷ್ಟೆ. ನಮಗೆ ಕೇಳಿಸದ ಕೀರಲು ಸದ್ದುಗಳೂ ನಾಯಿಗೆ ಕೇಳಿಸುತ್ತವೆ, ನಮಗೆ ಬರೀ ಕಂಬವಾಗಿ ಕಾಣುವುದರಲ್ಲಿ ಅದಕ್ಕೆ ಹತ್ತು ನಾಯಿಗಳ ಸುದ್ದಿಯಿರುತ್ತದೆ. ಮೂಗಿಗಿಂತ ಕಣ್ಣನ್ನು ನೆಚ್ಚಿ ಬೇಟೆಯಾಡುವ ಮುಧೋಳದಂಥ ತಳಿಗಂತೂ ದೂರದಲ್ಲಿ ಓಡುವ ಯಾವುದೇ ಪ್ರಾಣಿ ಓಟಕ್ಕೆ ಕರೆಯಿದ್ದಂತೆ. ಇಷ್ಟರ ನಡುವೆ ಒಡೆಯನ ಮಾತು ಗೆಲ್ಲಬೇಕಾದರೆ ಅದನ್ನು ಮೊದಲು ಗೆಲ್ಲಬಹುದಾದ ದೂರದಲ್ಲಿ ಆಡಬೇಕು.

ಆ ದೂರವನ್ನು ಅಳೆಯುವ ಉಪಾಯ ನಾಯಿಯ ಬಾಯಿಯಲ್ಲೇ ಇದೆ. ಕಡಲೆಬೀಜದ ಗಾತ್ರದ ಬೇಯಿಸಿದ ಕೋಳಿಮಾಂಸದ ತುಣುಕನ್ನು ಕೊಟ್ಟಾಗ ಅದು ಮೆತ್ತಗೆ ತೆಗೆದುಕೊಂಡು ತಿಂದರೆ ಕಲಿಯುವ ಸ್ಥಿತಿಯಲ್ಲಿದೆ ಎಂದರ್ಥ. ತುಣುಕನ್ನು ಮೂಸಿಯೂ ನೋಡದೆ, ಬಾಯಿ ಮುಚ್ಚಿ, ಕಿವಿ ನಿಮಿರಿಸಿ, ಮೈಭಾರವನ್ನೆಲ್ಲ ಮುಂಗಾಲುಗಳ ಮೇಲೆ ಹಾಕಿ ನಿಂತಿದ್ದರೆ ಗದರಿ ಉಪಯೋಗವಿಲ್ಲ, ಹತ್ತು ಹೆಜ್ಜೆ ಹಿಂದೆ ಸರಿಯಬೇಕು. ನಾವು ಖಾಲಿ ಮೈದಾನದ ಒಂದು ಮೂಲೆಯಿಂದ ಆರಂಭಿಸಿದೆವು. ಆಚೆ ಬದಿಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಮಿಂಚ ಅವರನ್ನು ನೋಡಿ, ತಾನಾಗಿಯೇ ಕತ್ತು ತಿರುಗಿಸಿ ನನ್ನ ಕಡೆ ಕಣ್ಣು ಹಾಯಿಸಿದ ಗಳಿಗೆಯಲ್ಲೇ 'ಭಲೇ' ಎಂದು ತುಣುಕು ಕೊಡುವುದು, ಮೊದಲ ವಾರ ನಮ್ಮ ಪಾಠ ಇಷ್ಟೇ, ಅದೂ ದಿನಕ್ಕೆ ಎರಡು ಸಲ, ಐದೈದು ನಿಮಿಷ. ಹೆಸರು ಕೂಗಿ ಕರೆಯುವುದನ್ನೂ ವೈದ್ಯರು ಬೇಡವೆಂದಿದ್ದರು, ಏಕೆಂದರೆ ಉತ್ತರ ಬಾರದ ಕಡೆ ಇಪ್ಪತ್ತು ಸಲ ಕೂಗಿದ ಹೆಸರು ನಾಯಿಯ ಕಿವಿಯಲ್ಲಿ ಮೋಟಾರು ಹಾರ್ನಿನಂತೆ ಬರೀ ಸದ್ದಾಗಿಬಿಡುತ್ತದೆ. ಕುತ್ತಿಗೆಯ ಬೆಲ್ಟ್ ಬಿಟ್ಟು ಎದೆಗೆ ಬರುವ ಪಟ್ಟಿ ಹಾಕಿದೆವು, ಚೈನಿನ ಬದಲು ಮೂವತ್ತು ಅಡಿ ನೂಲುಹಗ್ಗ ಕಟ್ಟಿದೆವು. ದೂರ ಕಡಿಮೆ ಮಾಡಿದ ದಿನ ಸಮಯವನ್ನು ಹೆಚ್ಚಿಸಲಿಲ್ಲ, ಗದ್ದಲ ಹೆಚ್ಚಿದ ದಿನ ದೂರವನ್ನು ಕಡಿಮೆ ಮಾಡಲಿಲ್ಲ. ಪಾಠ ಮುಗಿದ ಮೇಲೆ ಹುಲ್ಲಿನ ಮೇಲೆ ಒಂದಿಷ್ಟು ತುಣುಕು ಚೆಲ್ಲಿ ಮೂಸಿ ಹುಡುಕಲು ಬಿಡುತ್ತಿದ್ದೆವು. ಅವನ ಉಸಿರಾಟ ನಿಧಾನವಾಗುವುದು ಕಣ್ಣಿಗೆ ಕಾಣುತ್ತಿತ್ತು.

ಇದರಲ್ಲಿ ಹೊರದೇಶದ ಹೊಸ ವಿದ್ಯೆಯೇನೂ ಇಲ್ಲ. ಜಂಬೂ ಸವಾರಿಗೆ ಬರುವ ಆನೆಗಳ ಬೆನ್ನಿಗೆ ಮೊದಲ ದಿನವೇ ಸುಮಾರು 750 ಕಿಲೋ ತೂಕದ ಅಂಬಾರಿ ಏರಿಸುವುದಿಲ್ಲ, ಮರಳಿನ ಮೂಟೆ ಹೊರಿಸಿ ದಿನಗಳೆದಂತೆ ಭಾರ ಹೆಚ್ಚಿಸುತ್ತಾರೆ. ವಿಜಯದಶಮಿಯ 21 ಕುಶಾಲತೋಪಿಗೆ ಬೆಚ್ಚದಿರಲೆಂದು ಆನೆ ಕುದುರೆಗಳಿಗೆ ಮೊದಲೇ ಫಿರಂಗಿ ಸದ್ದಿನ ತಾಲೀಮು ಕೊಡುತ್ತಾರೆ. ಅಷ್ಟು ದೊಡ್ಡ ಪ್ರಾಣಿಗೆ ತಾಳ್ಮೆಯಿಂದ ಅಭ್ಯಾಸ ಮಾಡಿಸುವುದನ್ನು ಪ್ರತಿವರ್ಷ ನೋಡುವ ಮೈಸೂರಿಗರೇ ತಮ್ಮ ನಾಯಿಯನ್ನು ಮಾತ್ರ ಭಾನುವಾರ ಬೆಳಿಗ್ಗೆ ನೇರವಾಗಿ ಜನಜಂಗುಳಿಗೆ ಎಳೆದು ತಂದು, ಅದು ಕುಣಿದರೆ ಹೊಡೆಯುತ್ತೇವೆ.

ನಮ್ಮಲ್ಲಿ ಬೀದಿನಾಯಿಗಳ ತೊಡಕೂ ಇದೆ, ನಿಜ. ತಮ್ಮ ಗಡಿಗೆ ಹೊಸಬ ಬಂದನೆಂದು ಅವು ಮುತ್ತಿದಾಗ ಯಾವ ಪಾಠವೂ ನಡೆಯದು. ಓಡದೆ, ದಿಟ್ಟಿಸಿ ನೋಡದೆ, ಮೆಲ್ಲಗೆ ದಾರಿ ಬದಲಿಸುವುದೊಂದೇ ಉಳಿದ ಮಾರ್ಗ. ಆದ್ದರಿಂದಲೇ ಕಲಿಕೆಗೆ ಬೇಲಿಯಿರುವ ಜಾಗ ಬೇಕು.

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿ ಮಾಡಿ ಸುತ್ತೋಲೆ ಹೊರಡಿಸಿತು. ಮರುತಿಂಗಳೇ ನಮ್ಮ ಹೈಕೋರ್ಟ್ ಅದನ್ನು ರದ್ದುಪಡಿಸಿತು. ತಳಿಯನ್ನು ದೂರಿ ಕೈತೊಳೆದುಕೊಳ್ಳುವುದು ಸುಲಭ. ಸಾಕಿದ ಪ್ರಾಣಿಯ ವಿಷಯದಲ್ಲಿ ನಿರ್ಲಕ್ಷ್ಯ ತೋರಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆವಾಸ ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶವಿದೆ, ಅದು ಜಾರಿಯಾಗಲಿ. ಜೊತೆಗೆ ನಗರಪಾಲಿಕೆಯು ದೊಡ್ಡ ಉದ್ಯಾನಗಳಲ್ಲಿ ಒಂದೊಂದು ಮೂಲೆಗೆ ಬೇಲಿ ಹಾಕಿಸಿ, ರೇಬಿಸ್ ಲಸಿಕೆಯ ಚೀಟಿ ತೋರಿಸಿದವರಿಗೆ ಬೆಳಿಗ್ಗೆ ಒಂದು ಗಂಟೆ ಬಿಟ್ಟುಕೊಡಲಿ, ತಿಂಗಳಿಗೊಮ್ಮೆ ಪಶುವೈದ್ಯರಿಂದ ಪ್ರಾತ್ಯಕ್ಷಿಕೆ ಏರ್ಪಡಿಸಲಿ. ಮುಧೋಳದ ಬಳಿಯ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಕೇಂದ್ರವು ಪೇಟೆಯಲ್ಲಿ ಈ ತಳಿಯನ್ನು ಸಾಕುವವರಿಗಾಗಿ ಕನ್ನಡದಲ್ಲಿ ಕೈಪಿಡಿಯೊಂದನ್ನು ಹಂಚಿದರೆ ನನ್ನಂಥವರ ಮಣಿಕಟ್ಟುಗಳು ಉಳಿದಾವು.

ನಾಯಿ ಬಾಲ ಡೊಂಕೇ ಎಂದು ನಗುವವರಿದ್ದಾರೆ. ಮಿಂಚನ ಬಾಲದ ತುದಿ ಈಗಲೂ ಬಾಗಿಯೇ ಇದೆ. ಆದರೆ ಕಳೆದ ತಿಂಗಳು ಬಸ್ ನಿಲ್ದಾಣದ ಪಕ್ಕ, ಹೂವಿನ ಬುಟ್ಟಿ, ಆಟೋ, ಹಸು ಎಲ್ಲದರ ನಡುವೆ ಅವನು ನನ್ನ ಕಾಲ ಬಳಿ ಹತ್ತು ನಿಮಿಷ ಸುಮ್ಮನೆ ಮಲಗಿದ್ದ. ಪಾಲಿಕೆ ಜಾಗ ಕೊಟ್ಟರೆ ಅವನನ್ನು ಕರೆತಂದು ತೋರಿಸಲು ಸಿದ್ಧನಿದ್ದೇನೆ. ಮೇಕೆ ಮರಿಗೆ ಮಾತ್ರ ಇನ್ನೂ ಇಪ್ಪತ್ತು ಅಡಿ ಅಂತರ ಬೇಕು.

ಇತಿ,
ಒಬ್ಬ ನಿವೃತ್ತ ಶಿಕ್ಷಕ, ಮೈಸೂರು