ಐದು ವರ್ಷವಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಗ್ರೀನ್ ಕಾರ್ಡ್ ಬಂದು 5 ವರ್ಷವಾದರೆ ಅಮೆರಿಕದ ಪೌರತ್ವ ತಾನಾಗಿಯೇ ಸಿಗುತ್ತದೆಂದು ನಂಬಿದವರು ಬಹಳ. ಅದು ಅರ್ಜಿ ಹಾಕಲು ಇರುವ ಷರತ್ತುಗಳಲ್ಲಿ ಒಂದು ಮಾತ್ರ. ಆ ಅವಧಿಯಲ್ಲಿ ಕನಿಷ್ಠ 30 ತಿಂಗಳು ಅಲ್ಲೇ ಇದ್ದಿರಬೇಕು. ಮಕ್ಕಳ ಮನೆಗೂ ಊರಿಗೂ ಓಡಾಡುವ ಹಿರಿಯರಿಗೆ ಪೆಟ್ಟು ಬೀಳುವುದು ಇನ್ನೊಂದು ಕಡೆ: ಒಮ್ಮೆಗೇ 6 ತಿಂಗಳಿಗಿಂತ ಹೆಚ್ಚು ಹೊರಗುಳಿದರೆ ವಾಸದ ನಿರಂತರತೆ ಮುರಿಯಿತೆಂದೇ ಎಣಿಕೆ. ಇಲ್ಲವೆಂದು ದಾಖಲೆ ತೋರಿಸುವ ಹೊಣೆ ಅರ್ಜಿದಾರರದು. ವರ್ಷವೇ ದಾಟಿದರಂತೂ ಮಾತಿಲ್ಲ.

ಇಂಗ್ಲಿಷ್ ಪರೀಕ್ಷೆಗೆ ಹೆದರುವವರಿಗೆ ಒಂದು ಸಮಾಧಾನವುಂಟು. ವಯಸ್ಸು 55 ಆಗಿ, ಗ್ರೀನ್ ಕಾರ್ಡ್ ಮೇಲೆ 15 ವರ್ಷ ನೆಲೆಸಿದ್ದರೆ ಅದರಿಂದ ವಿನಾಯಿತಿ. ಇತಿಹಾಸ, ಸರ್ಕಾರದ ಕುರಿತ ಪ್ರಶ್ನೆಗಳಿಗೆ ದುಭಾಷಿಯ ನೆರವಿನಿಂದ ಕನ್ನಡದಲ್ಲೇ ಉತ್ತರಿಸಬಹುದು. ಇದನ್ನು ಎಷ್ಟು ಮಕ್ಕಳು ಅಪ್ಪ ಅಮ್ಮನಿಗೆ ಹೇಳಿದ್ದಾರೋ!

– ಒಬ್ಬ ಓದುಗ